ಕಕ್ಕಿಂಜೆಯವಳ ಹೊಟ್ಟೆ

ನನ್ನ ತವರು ಕಕ್ಕಿಂಜೆ. ಆ ಹೆಸರು ನನ್ನ ಬಾಯಿಂದ ಬಂದ ಕೂಡಲೇ ಗಂಡನ ಮನೆಯಲ್ಲಿ ಯಾರಾದರೊಬ್ಬರು ನಗುತ್ತಾರೆ. ಕಕ್ಕುವುದು ಎಂದರೆ ವಾಂತಿ ಮಾಡುವುದು, ತುಳುವಿನಲ್ಲೂ ಅದೇ, ಕನ್ನಡದಲ್ಲೂ ಅದೇ. ಮದುವೆಯ ದಿನ ಕಕ್ಕಿಂಜೆಯಿಂದ ಮೂಡುಬಿದಿರೆಗೆ ಬರುವಾಗ ನನಗೋಸ್ಕರ ಮೂರು ಕಡೆ ಕಾರು ನಿಲ್ಲಿಸಬೇಕಾಯಿತು. ಮೂರನೆಯ ಸಲ ನನ್ನ ಸೀರೆಯ ಸೆರಗು ಕೊಳೆಯಾಗದಂತೆ ಎತ್ತಿ ಹಿಡಿದವರು ಗಂಡನ ಅಕ್ಕ. ಹಿಡಿದುಕೊಂಡೇ ಹೇಳಿದರು, "ಕಕ್ಕಿಂಜೆಯವಳು ಕಕ್ಕದೆ ಇರ್ತಾಳಾ ಮಾರಾಯ್ರೆ!" ಕಾರಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹೊಸ ಸೊಸೆ ಅಲ್ಲವಾ. ಅದಾಗಿ ಹದಿನಾಲ್ಕು ವರ್ಷ. ಈ ಅತ್ತಿಗೆ ಮೆಲ್ಕಾರಿನ ತಮ್ಮ ಗಂಡನ ಮನೆಯಿಂದ ಬಂದಾಗಲೆಲ್ಲ ಅದೇ ಮಾತನ್ನು ಇವತ್ತೇ ಹೊಳೆದ ಹಾಗೆ ಹೇಳುತ್ತಾರೆ. ನನಗೆ ನಗು ಬರುವುದು ನಿಂತು ಯಾವುದೋ ಕಾಲವಾಯಿತು.

ಮದ್ದು ಮಾಡಲಿಲ್ಲ ಎಂದಲ್ಲ. ಚಿಕ್ಕವಳಿದ್ದಾಗ ಬಸ್ಸು ಹತ್ತುವ ಮೊದಲು ಅಮ್ಮ ಕೈಗೆ ಲಿಂಬೆಹಣ್ಣು ಕೊಡುತ್ತಿದ್ದರು, ಬಾಯಿಗೆ ಶುಂಠಿ ತುಂಡು. ಅದು ಸಾಲದೆಂದು ಹಳೇ ಪೇಪರನ್ನು ಹೊಟ್ಟೆಗೆ ಸುತ್ತಿ ಮೇಲಿಂದ ಅಂಗಿ ಹಾಕಿಸುತ್ತಿದ್ದರು. ನಮ್ಮ ಕಡೆ ಪೇಪರಿನ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ. ಕೂತರೂ ಎದ್ದರೂ ನಾನು ಪರಪರ ಸದ್ದು ಮಾಡುತ್ತಿದ್ದೆ, ನಮ್ಮೂರಿನ ಹತ್ತಿರದ ಚಾರ್ಮಾಡಿ ಘಾಟಿಯ ಎರಡನೆಯ ತಿರುವಿನಲ್ಲಿ ಪೇಪರೂ ಒದ್ದೆ, ಅಂಗಿಯೂ ಒದ್ದೆ. ಎಲ್ಲಕ್ಕಿಂತ ದೊಡ್ಡ ಮದ್ದು ಉಪವಾಸ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಹೊರಗೆ ಬರುವುದೇನು ಎಂದು ಹಿರಿಯರ ಲೆಕ್ಕಾಚಾರ. ಬರುತ್ತದೆ, ಹಳದಿ ನೀರು ಬರುತ್ತದೆ, ಕರುಳು ಕಿತ್ತು ಬರುವ ಹಾಗೆ ಬರುತ್ತದೆ. ಅದನ್ನು ಹೇಳಿದರೆ ಎದುರುತ್ತರ ಕೊಟ್ಟೆ ಅನ್ನಿಸಿಕೊಳ್ಳಬೇಕಿತ್ತು.

ಸರಿಯಾದ ಮಾತು ಹೇಳಿದ್ದು ಒಬ್ಬ ಡ್ರೈವರು. ಪಿಯುಸಿ ಓದುತ್ತಿದ್ದಾಗ ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ನನ್ನ ಅವಸ್ಥೆ ಕನ್ನಡಿಯಲ್ಲಿ ನೋಡಿ, ಮುಂದೆ ಕರೆದು ಎಂಜಿನ್ ಪಕ್ಕ ಕೂರಿಸಿದರು. "ಕಣ್ಣು ಮುಚ್ಚಬೇಡ ಮಗಾ, ರೋಡು ನೋಡು. ತಿರುವು ಹೊಟ್ಟೆಗೆ ಗೊತ್ತಾಗುವ ಮೊದ್ಲು ಕಣ್ಣಿಗೆ ಗೊತ್ತಾಗ್ಬೇಕು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯಾದ್ರೂ ವಾಂತಿ ಮಾಡಿದ್ದೇನಾ ಕೇಳು ಕಂಡಕ್ಟರನ್ನು!" ಅವತ್ತು ಘಾಟಿ ಮುಗಿಯುವವರೆಗೂ ನನ್ನ ಹೊಟ್ಟೆ ತಣ್ಣಗಿತ್ತು. ಆಮೇಲೆ ಪುಸ್ತಕದಲ್ಲಿ ಓದಿದೆ, ಕಿವಿಯ ಒಳಗಿನ ಸಮತೋಲದ ಅಂಗ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದರೆ ಮಿದುಳು ಗಲಿಬಿಲಿಯಾಗುತ್ತದಂತೆ, ಆ ಗಲಿಬಿಲಿಯೇ ವಾಂತಿಗೆ ದಾರಿಯಂತೆ. ಊರಿನ ಹೆಸರಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೆ ಮದುವೆಯಾದ ಮೇಲೆ ಮುಂದಿನ ಸೀಟು ನನಗೆ ಯಾರು ಕೊಡುತ್ತಾರೆ? ಅಲ್ಲಿ ಯಾವಾಗಲೂ ಗಂಡಸರು. ನಾನು ಹಿಂದೆ, ಕವರಿನ ಜೊತೆ.

ಹೀಗೆ ಎಲ್ಲಿಗೆ ಹೋದರೂ ನನಗೊಂದು ಕೆಲಸ ಗಟ್ಟಿಯಾಯಿತು. ಬೇರೆಯವರು ಆಟ ಆಡುತ್ತಾರೆ, ನಾನು ಬೆಂಚಿನಲ್ಲಿ ಕೂತು ಚಪ್ಪಲಿ, ಫೋನು, ಚೀಲ ಕಾಯುತ್ತೇನೆ. ಅದಕ್ಕೆ ನಾನು ಒಗ್ಗಿಹೋಗಿದ್ದೆ. ಸಿಟ್ಟು ಬಂದದ್ದು ಈ ಬೇಸಗೆ ರಜೆಯಲ್ಲಿ. ಒಂದು ಗಂಟೆಯ ದಾರಿಯಲ್ಲಿರುವ ಥೀಮ್ ಪಾರ್ಕಿಗೆ ನಾವೂ ಅತ್ತಿಗೆಯ ಮನೆಯವರೂ ಹೋಗುವ ಎಂದು ಮಾತಾಯಿತು. ಹಿಂದಿನ ವರ್ಷ ಅಲ್ಲೇ ನನ್ನ ಮಗಳು ಗರಗರ ತಿರುಗುವ ದೊಡ್ಡ ಚಹಾ ಕಪ್ಪಿನ ಆಟದಲ್ಲಿ ಕೂತು ಇಳಿದವಳೇ ವಾಂತಿ ಮಾಡಿದ್ದಳು. ಅತ್ತಿಗೆ ನಮ್ಮ ಚಾವಡಿಯಲ್ಲಿ ಕೂತು ಸಲೀಸಾಗಿ ಹೇಳಿದರು, "ಇವಳೂ ಕಕ್ಕಿಂಜೆಯೇ. ತಾಯಿಯೂ ಮಗಳೂ ಚೀಲ ನೋಡಿಕೊಳ್ಳಲಿ, ನಮಗೆ ಆರಾಮ." ಹನ್ನೊಂದು ವರ್ಷದ ಹುಡುಗಿ ಅಳುತ್ತಾಳೆ, ಹಟ ಮಾಡುತ್ತಾಳೆ ಎಂದುಕೊಂಡೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಆಯ್ತು ಅತ್ತೆ, ನಾವು ನೋಡಿಕೊಳ್ತೇವೆ," ಎಂದಳು.

ಆ "ಆಯ್ತು" ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಹುಟ್ಟಿದ್ದು ಮೂಡುಬಿದಿರೆಯಲ್ಲಿ, ಬೆಳೆದದ್ದು ಮೂಡುಬಿದಿರೆಯಲ್ಲಿ, ಆದರೂ ಈ ಬೆಂಚು ನನ್ನಿಂದ ಅವಳ ಪಾಲಿಗೆ ಬಂದಿತ್ತು. ಅವತ್ತೇ ತೀರ್ಮಾನ ಮಾಡಿದೆ, ಇವಳು ಆ ಬೆಂಚಿನಲ್ಲಿ ಕೂರಬಾರದು, ಏನು ಬೇಕಾದರೂ ಆಗಲಿ.

ಒಂದು ತಿಂಗಳು ಸಮಯವಿತ್ತು. ತಾಯಿ ಮಗಳು ಶಾಲೆಯ ಮೈದಾನದ ಉಯ್ಯಾಲೆಯಲ್ಲಿ ದಿನಾ ಸಂಜೆ ಅಭ್ಯಾಸ ಮಾಡಿದೆವು. ಮೊದಲು ಹತ್ತು ಸಲ ಜೀಕುವುದು, ಎರಡು ದಿನ ಬಿಟ್ಟು ಹದಿನೈದು. ಎದುರಿನ ತೆಂಗಿನ ಮರದ ತುದಿಯಿಂದ ಕಣ್ಣು ಕೀಳಬಾರದು, ಉಸಿರು ಬಿಗಿಹಿಡಿಯಬಾರದು. ನಲವತ್ತು ದಾಟಿದ ಹೆಂಗಸು ಉಯ್ಯಾಲೆಯಲ್ಲಿ ಜೀಕುವುದನ್ನು ನೋಡಲು ಪಕ್ಕದ ಮನೆಯವರು ಕಾಂಪೌಂಡಿಗೆ ಬಂದು ನಿಂತರು. ನಿಲ್ಲಲಿ ಎಂದೆ. ಬೆಳ್ತಂಗಡಿ ಬಸ್ಸಿನಲ್ಲಿ ಮುಂದಿನ ಸೀಟಿಗಾಗಿ ಒಬ್ಬರ ಹತ್ತಿರ ಜಗಳವೂ ಆಡಿದೆ. ಡಾಕ್ಟರರನ್ನು ಕೇಳಿ ಅವಳ ವಯಸ್ಸಿಗೆ ಸರಿಯಾದ ಮಾತ್ರೆ ತಂದೆ. ಹೊರಡುವ ದಿನ ಅವಳಿಗೆ ಉಪವಾಸ ಇಲ್ಲ, ಎಣ್ಣೆತಿಂಡಿಯೂ ಇಲ್ಲ. ಎರಡು ಮೆತ್ತನೆ ಇಡ್ಲಿ ತಿನ್ನಿಸಿ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಿದೆ. ತಿರುಗುವ ಕಪ್ಪಿನ ಹತ್ತಿರ ಈ ಸಲ ಸುಳಿಯುವುದೇ ಬೇಡ, ದೊಡ್ಡ ಹಡಗಿನ ಹಾಗೆ ಹಿಂದೆ ಮುಂದೆ ತೂಗುವ ಕೊಲಂಬಸ್ ಸಾಕು, ಅದರಲ್ಲೂ ನಟ್ಟನಡುವಿನ ಸಾಲು, ಅಲ್ಲಿ ತೂಗುವುದು ಕಡಿಮೆ ಎಂದು ಹೇಳಿಕೊಟ್ಟೆ.

ಪಾರ್ಕಿನಲ್ಲಿ ನಾವಿಬ್ಬರೂ ಸಾಲಿನಲ್ಲಿ ನಿಂತದ್ದು ಕಂಡು ಅತ್ತಿಗೆ ಬೆಂಚಿನಿಂದಲೇ ಕೂಗಿದರು, "ನಿನಗೆ ಮರ್ಲಾ? ಮಗುವಿನ ಹೊಟ್ಟೆ ಹಾಳು ಮಾಡ್ಬೇಡ!" ಮರ್ಲು ಎಂದರೆ ಹುಚ್ಚು. ಹೌದು ಎಂದು ಕೈ ಬೀಸಿದೆ.

ಹಡಗು ಮೇಲೆ ಹೋಯಿತು. ಮಗಳು ಎದುರಿನ ಗುಡ್ಡದ ಮೇಲಿನ ಟವರಿನ ಮೇಲೆ ಕಣ್ಣು ನೆಟ್ಟಿದ್ದಳು. ಮೊದಲು ತುಟಿ ಬಿಗಿಹಿಡಿದಿದ್ದಳು, ಮೂರನೆಯ ಸಲ ಕೆಳಗೆ ಬರುವಾಗ ಕಿರುಚಿದಳು, ಆಮೇಲೆ ನಕ್ಕಳು. ಅವಳಿಗೆ ಏನೂ ಆಗಲಿಲ್ಲ. ಆದದ್ದು ನನಗೆ. ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದಾಸವಾಳದ ಗಿಡದ ಬುಡದಲ್ಲಿ ಕೂತು ಕಕ್ಕಿದೆ. ಬಂದದ್ದು ಬರೀ ಹಳದಿ ನೀರು. ಆಗ ನೆನಪಾಯಿತು, ಐದು ಗಂಟೆಗೆ ಎದ್ದು ಹತ್ತು ಜನರಿಗೆ ಇಡ್ಲಿ ಬೇಯಿಸಿ, ಬುತ್ತಿ ಕಟ್ಟಿ, ಎಲ್ಲರಿಗೂ ಬಡಿಸಿದ ನಾನು ಒಂದು ತುಂಡೂ ತಿಂದಿರಲಿಲ್ಲ. ಮಾತ್ರೆಯೂ ತೆಗೆದುಕೊಂಡಿರಲಿಲ್ಲ. ಲೋಕಕ್ಕೆಲ್ಲ ಪಾಠ ಹೇಳಿ ನಾನೇ ಫೇಲಾಗಿದ್ದೆ. ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಅಲ್ಲೇ ಕೂತು ಒಂದು ಸಲ ಅತ್ತುಬಿಟ್ಟೆ.

ಅತ್ತಿಗೆ ನೀರಿನ ಬಾಟಲಿ ಹಿಡಿದು ಓಡಿ ಬಂದರು. ಸುಳ್ಳು ಹೇಳಬಾರದು, ಬೆನ್ನು ಸವರಿದರು, ಮುಖ ಒರೆಸಿದರು. ಅವರು ಕೆಟ್ಟವರಲ್ಲ. "ನಾನು ಹೇಳ್ಲಿಲ್ವಾ? ನಿಮ್ಮಿಬ್ಬರಿಗೆ ಇದೆಲ್ಲ ಆಗುವುದಲ್ಲ ಮಾರಾಯ್ತಿ. ನಾಲ್ಕು ಜನ ನೋಡ್ತಾರೆ. ಬಾ, ನೆರಳಲ್ಲಿ ಕೂತ್ಕೋ. ಮಗಾ, ನೀನೂ ಬಾ."

ಮಗಳು ನನ್ನ ಮುಖ ನೋಡಿದಳು. ಈಗ ತಾನೇ ಅಷ್ಟು ನಕ್ಕವಳ ಮುಖದಿಂದ ನಗು ಇಳಿಯುತ್ತಿತ್ತು. ನಾನು ಬೆಂಚಿಗೆ ಹೋದರೆ ಅವಳೂ ಬರುತ್ತಾಳೆ, ಒಂದು ಮಾತೂ ಆಡದೆ ಬರುತ್ತಾಳೆ, ಆಮೇಲೆ ಜನ್ಮವಿಡೀ ಅಲ್ಲೇ ಕೂತಿರುತ್ತಾಳೆ. ಅದು ನನಗೆ ಸ್ಪಷ್ಟವಾಗಿ ಕಂಡಿತು.

"ಇಲ್ಲ ಅತ್ತಿಗೆ," ಎಂದೆ. "ನನಗೆ ಹಸಿವಾಗಿ ಹೀಗಾದದ್ದು. ತಿಂದು ಇನ್ನೊಮ್ಮೆ ಹೋಗ್ತೇನೆ."

"ಇನ್ನೊಮ್ಮೆಯಾ!"

"ನೋಡುವವರು ನೋಡಲಿ. ನಾನೇನು ಕದ್ದದ್ದಾ?"

ಹದಿನಾಲ್ಕು ವರ್ಷದಲ್ಲಿ ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ನಾನು ಬುತ್ತಿ ಬಿಚ್ಚಿ ಎರಡು ಇಡ್ಲಿಯನ್ನು ಚಟ್ನಿಯಿಲ್ಲದೆ ನಿಧಾನವಾಗಿ ತಿಂದೆ. ಮಾತ್ರೆ ತೆಗೆದುಕೊಂಡೆ. ಮುಕ್ಕಾಲು ಗಂಟೆ ದೂರದ ಗುಡ್ಡವನ್ನೇ ನೋಡುತ್ತ ಕೂತೆ. ಅಷ್ಟು ಹೊತ್ತೂ ಮಗಳು ನನ್ನ ಪಕ್ಕದಲ್ಲಿ ನಿಂತೇ ಇದ್ದಳು, ಕೂರಲಿಲ್ಲ.

ಮತ್ತೆ ಸಾಲಿನಲ್ಲಿ ನಿಂತು ಹಡಗು ಹತ್ತಿ ಕೂತಾಗ ಅದನ್ನು ನಡೆಸುವ ಯುವಕ ನನ್ನ ಗುರುತು ಹಿಡಿದ. ನಮ್ಮ ಮುಂದೆ ಅಡ್ಡಕಂಬಿ ಇಳಿಸಲು ಬಂದವನು ಕೈ ತಡೆದು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ, "ಮೇಡಂ, ನೀವು ಆಗ ವಾಂತಿ ಮಾಡಿದವರಲ್ವಾ? ಈಗ ಆಗ್ತದಾ ನಿಮಗೆ?" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಪಕ್ಕದವಳು ತನ್ನ ಸೀರೆ ಒತ್ತಿಕೊಂಡು ಸರಿದು ಕೂತಳು. ನನ್ನ ಕಿವಿ ಬಿಸಿಯಾಯಿತು.

ಮಗಳು ಮಾತಾಡಿದಳು. ತಲೆ ತಗ್ಗಿಸಲಿಲ್ಲ, ದನಿ ತಗ್ಗಿಸಲಿಲ್ಲ.

"ಅಮ್ಮನಿಗೆ ವಾಂತಿ ಬರ್ತದೆ. ನನಗೂ ಬರ್ತದೆ. ಬಂದ್ರೆ ಇಳಿದು ಮಾಡ್ತೇವೆ. ನೀವು ಸ್ಟಾರ್ಟ್ ಮಾಡಿ."