ಗ್ಯಾನ ಇಟ್ಕೊಂಡು ಮಲಗಿದ್ದು

ಅಮ್ಮ ತೀರಿಕೊಂಡ ಮೇಲೂ ವಾರಕ್ಕೊಮ್ಮೆಯಾದರೂ ನನ್ನ ಕನಸಿಗೆ ಬರುತ್ತಿದ್ದಳು. ದೊಡ್ಡ ಕನಸೇನಲ್ಲ. ಗೌಡಗೆರೆಯ ನಮ್ಮ ಮನೆ ಜಗಲಿ, ಮೊರದ ತುಂಬ ಬಿತ್ತನೆಗೆ ತೆಗೆದಿಟ್ಟ ಕಡ್ಲೆಕಾಯಿ, ಅವಳ ಬಳೆಗೆ ಸಿಕ್ಕಿಸಿದ ಪಿನ್ನು. ಕಾಯಿ ಸುಲಿಯುತ್ತ ಬೈಯುವಳು. "ಹೋದ್ ಭಾನ್ವಾರ ಬತ್ತೀನಿ ಅಂದೋಳು ಯಾಕ್ ಬರ್ಲಿಲ್ಲ? ಮದ್ಗಿರಿ ಏನ್ ದಿಲ್ಲಿನಾ?" ಮಧುಗಿರಿಯಲ್ಲಿ ಬಸ್ಸೇ ಸಿಗಲಿಲ್ಲ ಅಂತ ನಾನು ನೆಪ ಹೇಳುತ್ತಿದ್ದೆ. ಅವಳಿಲ್ಲ ಅನ್ನುವುದು ನೆನಪಾಗುತ್ತಿದ್ದದ್ದು ಎಚ್ಚರವಾದ ಮೇಲೇ.

ಇದನ್ನೊಮ್ಮೆ ಅತ್ತೆಗೆ ಹೇಳಿದೆ. ಅತ್ತೆ ಪಾವಗಡದ ಕಡೆಯವರು. ಸತ್ತವರು ಕನಸಿಗೆ ಬಂದರೆ ಏನನ್ನೋ ಕೇಳಲು ಬಂದಿದ್ದಾರೆ ಅನ್ನುವುದು ಅವರ ನಂಬಿಕೆ. ಮಾವ ಕನಸಲ್ಲಿ ಕಂಡರೆ ಮಾರನೆಯ ದಿನ ಅವರಿಗಿಷ್ಟವಾದದ್ದನ್ನು ಮಾಡಿ ಎಡೆ ಇಡದೆ ತಾವು ಬಾಯಿಗೆ ನೀರು ಹಾಕುವವರಲ್ಲ.

"ನಿಮ್ಮಮ್ಮ ಏನ್ ಕೇಳುದ್ರು?"

"ಏನೂ ಕೇಳಲಿಲ್ಲ ಅತ್ತೆ. ಕಾಯಿ ಸುಲೀತಿದ್ರು, ಬೈದ್ರು."

"ಸುಮ್‌ಸುಮ್ಕೆ ಅಷ್ಟು ದೂರದಿಂದ ಯಾರಾನ ಬತ್ತಾರಾ? ನೀನೇ ಕೇಳ್ಬೇಕು ಕಣಮ್ಮ, ಏನ್ ಬೇಕು ಅಂತ."

"ಕನಸಲ್ಲಿ ಅವರು ಸತ್ತಿರೋದೇ ನೆನಪಿರಲ್ವಲ್ಲ. ಹೇಗೆ ಕೇಳಲಿ?"

"ಗ್ಯಾನ ಇಟ್ಕೊಂಡು ಮನೀಕೋ," ಅಂದು ಸೊಪ್ಪು ಬಿಡಿಸುವುದಕ್ಕೆ ಎದ್ದರು. ಅವರ ಮಾತಿನಲ್ಲಿ ಗ್ಯಾನ ಅಂದರೆ ಎಚ್ಚರ, ನೆನಪು ಎರಡೂ.

ಅಮ್ಮ ಬಂದು ಬಂದು ಹಸಿದುಕೊಂಡೇ ಹೋಗುತ್ತಿದ್ದಾಳೇನೋ ಅನ್ನುವುದು ಆವತ್ತಿನಿಂದ ನನ್ನ ತಲೆ ಹೊಕ್ಕಿತು.

ಫೋನಿನಲ್ಲಿ ಹುಡುಕಿದರೆ, ಗ್ಯಾನ ಇಟ್ಟುಕೊಂಡು ಮಲಗುವುದನ್ನು ಕಲಿಸುವವರು ಬೇಕಾದಷ್ಟು ಜನ. ಹಗಲಲ್ಲಿ ಆಗಾಗ ಅಂಗೈ ನೋಡಿಕೊಂಡು 'ಇದು ಕನಸಾ?' ಅಂತ ಕೇಳಿಕೊಳ್ಳಬೇಕು. ರೂಢಿಯಾದರೆ ಕನಸಲ್ಲೂ ಕೈ ನೋಡಿಕೊಳ್ಳುತ್ತೇವೆ. ಅಲ್ಲಿ ಬೆರಳು ಸರಿಯಾಗಿರುವುದಿಲ್ಲ, ಕನಸೆಂದು ಗೊತ್ತಾಗುತ್ತದೆ. ನನಗಿದು ಕಷ್ಟವಾಗಲಿಲ್ಲ. ಕಾನ್ವೆಂಟಿನಲ್ಲಿ ಪ್ರೇಯರ್ ಮುಗಿದ ಕೂಡಲೇ ಸಿಸ್ಟರ್ ಉಗುರು ನೋಡುತ್ತಿದ್ದರು, ಕೈ ಚಾಚಿ ನಿಲ್ಲುವುದು ಚಿಕ್ಕಂದಿನ ಅಭ್ಯಾಸ. ಒಗ್ಗರಣೆ ಹಾಕುವಾಗ, ಬಟ್ಟೆ ಹರವುವಾಗ, ತಾರಸಿ ಮೇಲಿಂದ ಬೆಟ್ಟ ನೋಡುವಾಗ ಕೈ ನೋಡಿಕೊಂಡೆ. "ಏನಮ್ಮ, ಶಾಸ್ತ್ರ ಹೇಳೋಕೆ ಕೂತ್ಕೋತೀಯಾ? ಬೋರ್ಡ್ ಬರೆಸ್ಲಾ?" ಅಂದಳು ಮಗಳು.

ಇನ್ನೊಂದು ಉಪಾಯ, ನಸುಕಿನಲ್ಲಿ ಎದ್ದು ಸ್ವಲ್ಪ ಹೊತ್ತಿದ್ದು, 'ಅಮ್ಮ ಕಂಡರೆ ಇದು ಕನಸು ಅಂತ ನೆನಪಾಗಲಿ' ಎಂದು ಹೇಳಿಕೊಳ್ಳುತ್ತ ಮತ್ತೆ ಮಲಗುವುದು. ನಲ್ಲಿ ನೀರು ಬಿಡುವ ದಿನ ಹೇಗೂ ಬೇಗ ಏಳಬೇಕು. ಡ್ರಮ್ಮು ತುಂಬಿಸಿ, ಒದ್ದೆ ಸೆರಗಿನಲ್ಲೇ ಬಂದು ಹೊದ್ದುಕೊಳ್ಳುತ್ತಿದ್ದೆ.

ಎಷ್ಟೋ ವಾರ ಏನೂ ಆಗಲಿಲ್ಲ. ಆಮೇಲೊಂದು ನೀರಿನ ದಿನ ಜಗಲಿ ಬಂತು. ಅಮ್ಮ ಬೈಯುತ್ತಿದ್ದಳು. ಕೈ ನೋಡಿಕೊಂಡೆ. ಕಿರುಬೆರಳ ಪಕ್ಕ ಇನ್ನೊಂದು ಕಿರುಬೆರಳು. ಗೊತ್ತಾಯಿತು. ಖುಷಿಪಟ್ಟರೆ ಎಚ್ಚರವಾಗಿಬಿಡುತ್ತದೆ, ಅಂಗೈ ಉಜ್ಜಿಕೊಳ್ಳಿ ಅಂತ ಫೋನಿನಲ್ಲಿ ಕಲಿಸುವವರು ಅಂದಿದ್ದರು. ಉಜ್ಜಿಕೊಂಡೆ. ಅಮ್ಮ ಇನ್ನೂ ನಿಚ್ಚಳವಾದಳು, ಪಿನ್ನಿನ ತುಕ್ಕು ಕೂಡ ಕಂಡಿತು.

"ಅಮ್ಮ, ನಿಂಗೇನು ಬೇಕು? ಏನು ಮಾಡಿ ಎಡೆ ಇಡಲಿ?"

ಸುಲಿಯುವ ಕೈ ನಿಂತಿತು. ಬೈಗುಳವೂ ನಿಂತಿತು. ತಲೆಯೆತ್ತಿ ನನ್ನನ್ನೇ ನೋಡಿದಳು. ಒಬ್ಬಟ್ಟು ಕೇಳಬಹುದೇನೋ ಅಂದುಕೊಂಡೆ. "ಒಬ್ಬಟ್ಟು" ಅಂದಳು. ಶುಗರ್ ಇತ್ತಲ್ಲ ಅಂದುಕೊಂಡೆ. "ಬ್ಯಾಡ, ಶುಗರ್ ಐತೆ" ಅಂದಳು. ಮುದ್ದೆ, ಹುರುಳಿ ಸಾರು, ನನ್ನ ಮನಸ್ಸಿಗೆ ಬಂದದ್ದೆಲ್ಲ ಹಾಗೇ ಅವಳ ಬಾಯಿಗೆ ಬಂತು. ಕೇಳುವುದನ್ನು ಬಿಟ್ಟು ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿಯಬಹುದಿತ್ತು. ಆಗ ಹೊಳೆಯಲಿಲ್ಲ.

ಅತ್ತೆಗೆ ಒಬ್ಬಟ್ಟು ಅಂತಲೇ ಹೇಳಿದೆ. ಹೂರಣ ಅವರೇ ರುಬ್ಬಿದರು. ಅಮ್ಮನ ಫೋಟೋ ಮುಂದೆ ಎಲೆ ಹಾಕಿ ಬಡಿಸಿ, "ಇನ್ ನೆಮ್ದಿಯಾಗಿರ್ತಾರೆ ಬುಡು" ಅಂದರು. ಮಗಳು ತುಪ್ಪ ಹಾಕಿಸಿಕೊಂಡು ಎರಡು ತಿಂದಳು. ನನ್ನ ಪಾಲಿನದನ್ನೂ ಅವಳಿಗೇ ಬಡಿಸಿದೆ.

ಅಮ್ಮ ಈಗಲೂ ಬರುತ್ತಾಳೆ. ಆದರೆ ಜಗಲಿ ಕಂಡೊಡನೆ ನನ್ನ ಕೈ ತಾನಾಗಿ ಮೇಲೇಳುತ್ತದೆ, ಇವಳು ಸತ್ತಿದ್ದಾಳೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮೊದಲು, ನಾನು ಏಳುವ ತನಕವಾದರೂ ಬದುಕಿರುತ್ತಿದ್ದಳು. ಈಗ ಬೈಯುವುದೂ ಇಲ್ಲ. ನಾನೇನು ಅಂದುಕೊಳ್ಳುತ್ತೇನೋ ಎಂದು ತಲೆಯೆತ್ತಿ ಕಾಯುತ್ತಾಳೆ. ಹಗಲಲ್ಲಿ ಕೈ ನೋಡುವುದನ್ನು ಬಿಟ್ಟಿದ್ದೇನೆ. ಕಲಿತದ್ದನ್ನು ಮರೆಸುವವರಿದ್ದಾರಾ ಅಂತ ಫೋನಿನಲ್ಲಿ ಹುಡುಕಿದೆ, ಒಬ್ಬರೂ ಸಿಗಲಿಲ್ಲ.

ಮೊನ್ನೆ ಕನಸಲ್ಲಿ, ಉಗುರು ಕತ್ತರಿಸದ ದಿನ ಸಿಸ್ಟರ್ ಮುಂದೆ ನಿಲ್ಲುತ್ತಿದ್ದ ಹಾಗೆ, ಯಾಕೆಂದು ನನಗೇ ತಿಳಿಯದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಜಗಲಿ ಹತ್ತಿದೆ. ಅಮ್ಮ ತಲೆಯೆತ್ತಲಿಲ್ಲ. ಸಿಪ್ಪೆ ಒಡೆಯುವ ಸದ್ದು ಕೇಳುತ್ತಲೇ ಇತ್ತು.

"ಏನ್ ಗರ ಬಡ್ದೋಳಂಗೆ ನಿಂತ್ಕಂಡಿದೀಯಾ," ಅಂದಳು, ಮೊರವನ್ನು ನನ್ನ ಕಡೆ ತಳ್ಳಿ. "ಕೂತ್ಕ. ನೀನೂ ಎಲ್ಡು ಸುಲಿ."

ಸುಲಿಯಬೇಕಾದರೆ ಕೈ ಮುಂದೆ ತರಲೇಬೇಕು, ತಂದರೆ ಬೆರಳು ಕಣ್ಣಿಗೆ ಬೀಳುತ್ತವೆ. ಬೆನ್ನ ಹಿಂದೆ ಬೆರಳು ಹೆಣೆದುಕೊಂಡು, ಬೈದರೆ ಇನ್ನಷ್ಟು ಬೈಯಲಿ ಎಂದು ನಿಂತೇ ಇದ್ದೆ.