ಹೆಜ್ಜೇನು ಇಳಿದಾಗ ಅತ್ತಿ ತೋಡಿ ಹಾಡುತ್ತಿದ್ದಳು

ಹೋದ ವರ್ಷ ಶಿವರಾತ್ರಿ ಮುಗಿದ ವಾರಕ್ಕೆ ನಡೆದದ್ದಿದು. ನನ್ನ ಸೋದರತ್ತಿ ಸುಶೀಲಾ ರೋಣದಲ್ಲಿ ಹುಡುಗಿಯರಿಗೆ ಹಿಂದೂಸ್ತಾನಿ ಗಾಯನ ಕಲಿಸುತ್ತಾಳೆ. ಪ್ರತಿ ವರ್ಷ ತನ್ನ ಗುರುಗಳ ಪುಣ್ಯತಿಥಿಗೆ ಗಜೇಂದ್ರಗಡಕ್ಕೆ ಹೋಗಿ, ಗುಡ್ಡದ ಬುಡದಲ್ಲಿರುವ ಅವರ ಗದ್ದುಗೆಯ ಮುಂದೆ ಬೆಳಗಿನ ತೋಡಿ ರಾಗ ಹಾಡುತ್ತಾಳೆ. ತಂಬೂರಿ ಹಿಡಿಯುವ ಶಿಷ್ಯೆಗೆ ಪರೀಕ್ಷೆ ಇದ್ದುದರಿಂದ ಆ ಸಲ ನರಗುಂದದಿಂದ ನನ್ನನ್ನು ಕರೆಸಿದ್ದಳು. ನಾನು ಕಾನೂನು ಓದುವವಳು. ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ, ಮನೆಯಲ್ಲೂ ಯಾವುದನ್ನೂ ಸುಮ್ಮನೆ ಒಪ್ಪದ ಚಟ ಹತ್ತಿದೆ. ಸಣ್ಣವಳಿದ್ದಾಗ ಅತ್ತಿಯ ಹತ್ತಿರ ಕಲಿತದ್ದರಲ್ಲಿ ಉಳಿದದ್ದು ತಂಬೂರಿ ಮೀಟುವುದೊಂದೇ.

ಬಸ್ಸಿನಲ್ಲಿ ನಮ್ಮ ಜಗಳ ಗುರುಗಳ ಮೇಲೇ ನಡೆದಿತ್ತು. ಅವರು ಮಲ್ಹಾರ ಹಾಡಿದ ದಿನ ಮಳೆ ಬಂದಿತ್ತಂತೆ. ಹಾಡದ ದಿನಗಳಲ್ಲಿ ಬಂದ ಮಳೆಯನ್ನು ಯಾರ ಖಾತೆಗೆ ಹಾಕುತ್ತೀ ಅಂತ ನಾನು ಕೇಳಿದೆ. ಅತ್ತಿ ನಕ್ಕು, ವಕೀಲರ ಜೋಡಿ ಪ್ರಯಾಣ ಮಾಡಬಾರದು ಅಂದಳು.

ಪುಣ್ಯತಿಥಿಯ ಈ ಹಾಡಿನ ಬೈಠಕ್ ನಡೆಸುವವರು ಜವಳಿ ವ್ಯಾಪಾರಿ ಗಂಗಪ್ಪನವರು. ಆ ವರ್ಷ ಜನ ಹೆಚ್ಚಾದರೆಂದು ಗದ್ದುಗೆಯ ಒಳಗಿನ ಬದಲು ಹೊರಗೆ, ಬಂಡೆಯ ನೆರಳಿನಲ್ಲಿ ಜಮಖಾನ ಹಾಸಿಸಿದ್ದರು. ಪದ್ಧತಿಯಂತೆ ಬಂದವರ ಮುಂಗೈಗೆಲ್ಲ ಅತ್ತರು ಹಚ್ಚಿದರು. ಕೆಂಡದ ಬಟ್ಟಲಿಗೆ ಲೋಬಾನ ಉದುರಿಸಿ ತಬಲಾಕ್ಕೆ, ತಂಬೂರಿಗೆ ಹೊಗೆ ತೋರಿಸಿ, ಬಟ್ಟಲನ್ನು ಹಾಡುವವರ ಪಕ್ಕದಲ್ಲೇ ಇಟ್ಟರು. ಹೊಗೆ ಹೋದ ದಾರಿಯಲ್ಲೇ ನನ್ನ ಕಣ್ಣೂ ಮೇಲೆ ಹೋಯಿತು. ಬಂಡೆಯ ಚಾಚಿನಲ್ಲಿ ಮೊರದಗಲದ ಕಪ್ಪು ಹೆಜ್ಜೇನು ಹುಟ್ಟುಗಳು ಜೋತುಬಿದ್ದಿದ್ದವು.

ಕೆಲವು ವರ್ಷದ ಹಿಂದೆ ಒಂದೇ ಒಂದು ಜೇನು ಕಡಿದು ಅತ್ತಿಯ ಗಂಟಲು ಬಾತು ಉಸಿರು ಕಟ್ಟಿತ್ತು. ಇನ್ನೊಮ್ಮೆ ಕಡಿದರೆ ದವಾಖಾನೆ ಮುಟ್ಟುವುದೂ ಕಷ್ಟ ಅಂತ ಡಾಕ್ಟರು ಹೇಳಿದ್ದರು. ಇದನ್ನೆಲ್ಲ ಗಂಗಪ್ಪನವರಿಗೆ ಹೇಳಿ, ಒಳಗೇ ಕೂರೋಣ ಅಂದೆ.

"ಅವು ಗುರುಗಳ ಕಾಲದಿಂದ ಅಲ್ಲೇ ಅದಾವ ತಂಗಿ. ಯಾರಿಗೂ ಏನೂ ಮಾಡಿಲ್ಲ," ಅಂದರು ಅವರು.

"ಅವಾಗ ಯಾರೂ ಅವುಗಳ ಬುಡಕ್ಕ ಹೊಗಿ ಹಾಕಿರಲಿಲ್ಲಲ್ರಿ," ಅಂದೆ. ಅಷ್ಟರಲ್ಲಿ ಅತ್ತಿ, ಜನ ಕಾಯುತ್ತಿದ್ದಾರೆ, ಶ್ರುತಿ ಮಾಡು ಅಂದಳು.

ನಿಧಾನಗತಿಯ ವಿಲಂಬಿತ ಅರ್ಧ ಆಗಿತ್ತು. ಮೊದಲು ಕೇಳಿದ್ದು ಒಂದು ಗುಂಯ್ ಸದ್ದು. ತಂಬೂರಿಯದೇ ಅಂದುಕೊಂಡೆ. ಆಮೇಲೆ ಜಮಖಾನದ ಮೇಲೆ ನೆರಳು ಹರಿದಾಡಿತು. ಅತ್ತರಿನ ಕೈಗಳ ಮೇಲೆ, ತಲೆಗಳ ಮೇಲೆ, ನನ್ನ ತಂಬೂರಿಯ ಕುಂಬಳದ ಮೇಲೆ ಹೆಜ್ಜೇನು ಕೂತವು. ಎದುರಿಗಿದ್ದವರು ಕಲ್ಲಾಗಿದ್ದರು. ದೂರ ಹಿಂದಿನ ಸಾಲಿನವರು ಏನೂ ತಿಳಿಯದೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹಾಡು ನಡೆದಾಗ ಎದ್ದು ಹೋದರೆ ಗುರುಗಳಿಗೆ ಅವಮಾನ ಅಂತ ಆ ಊರಿನವರ ನಂಬಿಕೆ. ಅದಕ್ಕೋ, ಹೆದರಿಕೆಗೋ, ಯಾರೂ ಏಳಲಿಲ್ಲ.

ಒಂದು ಜೇನು ಅತ್ತಿಯ ಕುತ್ತಿಗೆಯ ಮೇಲೆ, ಕಿವಿಯ ಕೆಳಗೆ ನಡೆಯುತ್ತಿತ್ತು. ಹಿಂದೆ ಕೂತಿದ್ದ ನನಗೆ ಅದರ ರೆಕ್ಕೆಯ ನಡುಕವೂ ಕಾಣುತ್ತಿತ್ತು. ಬಾಯಿಯ ಉಸಿರು ತಾಗಿದರೆ, ಥಟ್ಟನೆ ಸದ್ದಾದರೆ ಜೇನು ಕೆರಳುತ್ತದೆ ಅಂತ ಎಲ್ಲೋ ಓದಿದ್ದೆ. ಹಾಡುವವಳಿಗೆ ಉಸಿರು ಬಿಡಬೇಡ ಅನ್ನುವುದು ಹ್ಯಾಂಗ? ನನ್ನ ಬೆರಳ ಪಕ್ಕದ ತಂತಿಯ ಮೇಲೂ ಒಂದು ಬಂದು ಕೂತಿತು. ಬೆರಳು ನಿಲ್ಲಿಸಲೋ, ಮೀಟಲೋ? ಎರಡೂ ಕಡೆ ವಾದ ಮಾಡುವುದು ನನಗೆ ಗೊತ್ತು. ಆಗ ಒಂದು ಕಡೆಗೂ ಒಂದು ಮಾತು ಹೊಳೆಯಲಿಲ್ಲ. ಉಳಿದ ತಂತಿಗಳನ್ನಷ್ಟೇ ಮೀಟುತ್ತ ಹೋದೆ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಅತ್ತಿಯ ದನಿ ಮಂದ್ರಕ್ಕೆ ಇಳಿಯಿತು. ಹಾಡುವವರು ಸ್ವರದ ಜೊತೆ ಕೈ ಆಡಿಸುವುದಿಲ್ಲವೇ, ಹಾಗೇ ಅವಳ ಎಡಗೈ ನಿಧಾನ ಚಾಚಿಕೊಂಡು ಲೋಬಾನದ ಬಟ್ಟಲಿನ ಕಡೆ ಬಂದು, ಅಂಗೈ ಕೆಳಗಾಗಿ ಮುಚ್ಚಿಕೊಂಡಿತು. ಕೇಳುವವರಿಗೆ ಅದು ಆಲಾಪದ ಒಂದು ತಿರುವು. ಆದರೆ ಎಷ್ಟೋ ವರ್ಷದಿಂದ ಅವಳ ಕೈ ನೋಡಿಯೇ ತಾಳದ ಠೇಕಾ ಹಿಡಿಯುತ್ತ ಬಂದ ತಬಲಾದ ಹುಸೇನಸಾಬರಿಗೆ ತಿಳಿಯಿತು. ಅವರು ಪೆಟ್ಟನ್ನು ಸಣ್ಣ ಮಾಡುತ್ತ ಮಾಡುತ್ತ ನಿಲ್ಲಿಸಿ, ಕುಡಿಯಲಿಟ್ಟ ತಂಬಿಗೆಯ ನೀರನ್ನು ಕೆಂಡದ ಮೇಲೆ ಸದ್ದಾಗದಂತೆ ಹನಿಹನಿಯಾಗಿ ಇಳಿಸಿದರು.

ಹೊಗೆ ಕಡಿಮೆಯಾಯಿತು. ಜೇನು ಮಾತ್ರ ಲಗೂ ಹೋಗಲಿಲ್ಲ. ತಾಳವಿಲ್ಲದೆ, ಬರೀ ತಂಬೂರಿಯ ಮೇಲೆ ಅತ್ತಿ ಹಾಡುತ್ತಲೇ ಇದ್ದಳು. ಕುತ್ತಿಗೆಯ ಜೇನು ಹಾರಿತು. ಆಮೇಲೆ ಗುಂಪು ತೆಳ್ಳಗಾಯಿತು. ಕೊನೆಯದೂ ಬಂಡೆ ಸೇರಿದ ಮೇಲೆ ಅವಳು ಷಡ್ಜದಲ್ಲಿ ನಿಂತು, ಬೆರಳು ತುಟಿಯ ಮೇಲಿಟ್ಟುಕೊಂಡು, ಎಲ್ಲರಿಗೂ ಒಳಗೆ ಹೋಗಿರೆಂದು ಸನ್ನೆ ಮಾಡಿದಳು.

ಒಳಗೆ ಗಂಗಪ್ಪನವರು ಅಳುತ್ತ, ಇದು ಗುರುಗಳ ಪವಾಡ ಅಂದರು. ಹೊಗೆ ಆರಿತು, ಜೇನು ಹೋದವು, ಪವಾಡವೆಲ್ಲಿ ಅಂತ ನಾನೂ ಬಿಡಲಿಲ್ಲ. ಆಮೇಲೆ ಅತ್ತಿಯ ಪಕ್ಕ ಕೂತು, ಅವಳ ಕುತ್ತಿಗೆ ಮುಟ್ಟಿ ನೋಡಿ ಕೇಳಿದೆ:

"ಕುತ್ತಿಗಿ ಮ್ಯಾಲ ಜೇನು ಕುಂತದ್ದು ನಿನಗ ಗೊತ್ತಿತ್ತಿಲ್ಲ? ಬಾಯಿ ಮುಚ್ಚಿ ಸುಮ್ನ ಕೂಡೂದು ಬಿಟ್ಟು ಯಾಕ ಹಾಡಿದಿ ಅತ್ತಿ?"

ಅವಳು ನೀರು ಕುಡಿದು, ಬಾಯಿ ಒರೆಸಿಕೊಂಡಳು.

"ನಿಲ್ಲಿಸಿದ್ರ ಹಿಂದ ಕುಂತವರು ಹಾಡು ಮುಗೀತು ಅಂತ ಚಪ್ಪಾಳಿ ತಟ್ತಿದ್ರು," ಅಂದಳು.

ಈಗ ಚರ್ಚಾಸ್ಪರ್ಧೆಯಲ್ಲಿ ನಾನು ಮಾತು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಗೆದ್ದೆನೋ ಸೋತೆನೋ ನೋಡುವ ಮೊದಲು ನನ್ನ ಕಣ್ಣು ಮೇಲಕ್ಕೆ ಹೋಗುತ್ತದೆ. ಅಲ್ಲಿ ಫ್ಯಾನು ತಿರುಗುತ್ತಿರುತ್ತದೆ, ಅಷ್ಟೇ. ಆದರೂ ಆ ಸದ್ದು ನಿಲ್ಲುವವರೆಗೆ ನನಗೆ ಉಸಿರು ಬಿಡಲಾಗುವುದಿಲ್ಲ.