ಉದ್ಯೋಗ ಕಚೇರಿಯ ನೆಲ

ಊರಿಗೆಲ್ಲ ಕೆಲಸ ಕೊಡಿಸಲು ಹೊರಟ ನಮ್ಮ ಕಚೇರಿಗೆ ನೆಲ ಹಾಕಲು ಒಬ್ಬರೂ ಸಿಗಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತಲ್ಲೇ ನಗು ಬರುತ್ತದೆ. ಪಕ್ಕದವರು ಗಾಬರಿಯಿಂದ ಸ್ವಲ್ಪ ಸರಿದು ನಿಲ್ಲುತ್ತಾರೆ. ಆ ನೂಕುನುಗ್ಗಲಿನಲ್ಲಿ ಅದೂ ಒಂದು ಲಾಭವೇ.

ಪಾಲಿಕೆಯಲ್ಲಿ ಇಪ್ಪತ್ತೆರಡು ವರ್ಷ ಜನನ-ಮರಣದ ದಾಖಲೆ ಬರೆದವಳು ನಾನು. ಒಂದು ದಿನ ಸಾಹೇಬರು ಕರೆದು, ಕೌಶಲ ತರಬೇತಿ ಮತ್ತು ಉದ್ಯೋಗದ ಹೊಸ ಕಚೇರಿ ಶುರುಮಾಡುವ ಜವಾಬ್ದಾರಿ ಕೊಟ್ಟರು. ಹುಟ್ಟು ಸಾವುಗಳ ನಡುವೆ ಜನ ಏನು ಮಾಡುತ್ತಾರೆಂದು ನೋಡುವ ಅವಕಾಶ ಕಡೆಗೂ ಸಿಕ್ಕಿತೆಂದು ಹಿಗ್ಗಿದೆ.

ಕೊಟ್ಟ ಕೋಣೆ ಮೊದಲು ಮಲೇರಿಯಾ ವಿಭಾಗದವರ ಔಷಧಿ ಪಂಪುಗಳ ಗೋದಾಮಾಗಿತ್ತು. ಸೋಮವಾರ ಉದ್ಘಾಟನೆ ಆಗದಿದ್ದರೆ ಕೋಣೆ ಮತ್ತೆ ಅವರಿಗೆ, ನಾನು ಮತ್ತೆ ಜನನ-ಮರಣಕ್ಕೆ. ಗುತ್ತಿಗೆದಾರ ಹಳೆಯ ನೆಲ ಒಡೆದು, ಹೊಸ ಟೈಲ್ಸಿನ ಪೆಟ್ಟಿಗೆಗಳನ್ನು ಇಳಿಸಿ, ಫೋನು ಬಂದ್ ಮಾಡಿಕೊಂಡು ನಾಪತ್ತೆಯಾಗಿದ್ದ. ಗುರುವಾರವಾದರೂ ಸುಳಿವಿಲ್ಲ. ನಾನು ವರಾಂಡದಲ್ಲೇ ಮೇಜು ಹಾಕಿಕೊಂಡು, ಕಂಡಕಂಡವರ ಮೇಲೆ ಹರಿಹಾಯುತ್ತ, ಅರ್ಜಿದಾರರಿಗಾಗಿ ಕಾಯುತ್ತಿದ್ದೆ.

ಮೊದಲು ಬಂದವಳು ಕಲಬುರಗಿ ಕಡೆಯ ಹೆಂಗಸು. ನಲವತ್ತರ ಆಸುಪಾಸು, ಸಿಮೆಂಟು ತಿಂದ ಬೆರಳುಗಳು. ಈ ಮರಾಠಿ ಊರಿನಲ್ಲಿ ನನ್ನ ಬಾಯಲ್ಲಿ ಕನ್ನಡ ಕೇಳಿ ಮುಖ ಅರಳಿಸಿದಳು. ಕಟ್ಟಡದ ಕೆಲಸ ಎಂದಳು. ಮುಂದೆ ಕೇಳದೆ ನಾನು ‘ಹೆಲ್ಪರ್’ ಎಂದು ಬರೆಯತೊಡಗಿದೆ. ಹೆಂಗಸಲ್ಲವೇ, ಇನ್ನೇನು ಮಾಡಿಯಾಳು? ಹಾಗಂದುಕೊಂಡ ನಾನೂ ಹೆಂಗಸೇ. ನಾಚಿಕೆಯಾಗಬೇಕು ನನಗೆ.

“ಏನ್ ಬರದ್ರಿ ಅಕ್ಕಾರ?”

“ಹೆಲ್ಪರ್.”

“ಅದನ್ನ ಬರೀಬ್ಯಾಡ್ರಿ. ಹನ್ನೆರಡ ವರ್ಷದಿಂದ ನೆಲಕ್ಕ ಲಾದಿ, ಟೈಲ್ಸ್ ಹಾಕ್ಲಾಕತ್ತೀನಿ. ಘೋಡಬಂದರ್ ರಸ್ತೆ ಮನಿಗಳಾಗ ನನ್ನ ಲಾದಿ ಮ್ಯಾಲ ಕುಂತು ಎಷ್ಟ ಮಂದಿ ಉಣ್ತಾರ. ಹಾಜರಿ ಪುಸ್ತಕದಾಗ ಮಾತ್ರ ನಾ ಹೆಲ್ಪರ್. ಮಿಸ್ತ್ರಿ ಅಂತ ಬರೀರಿ.”

“ಕೆಲಸ ಕಣ್ಣಾರೆ ನೋಡದೆ ಮಿಸ್ತ್ರಿ ಅಂತ ಬರೆಯುವ ಹಾಗಿಲ್ಲ ಮಾರಾಯ್ತಿ. ನಿಯಮ ಉಂಟು.”

ಆಕೆ ನನ್ನ ಬೆನ್ನ ಹಿಂದಿನ ಕೋಣೆಗೆ ಇಣುಕಿದಳು. ಕಿತ್ತ ನೆಲ, ಬಿಚ್ಚದ ಪೆಟ್ಟಿಗೆಗಳು.

“ಹಂಗಾರ ಇಲ್ಲೇ ಹಾಕಿ ತೋರಸ್ತೀನ್ರಿ. ಆದ್ರ ಕೂಲಿ ಮಿಸ್ತ್ರೀದು.”

ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು. ಸಾಹೇಬರನ್ನು ಫೋನಿನಲ್ಲೇ ಒಪ್ಪಿಸಿದೆ. ನೆಲ ಸರಿಯಾದರೆ ಅದೇ ಅವಳ ಪರೀಕ್ಷೆ, ರಿಜಿಸ್ಟರಿನಲ್ಲಿ ಮೊದಲ ಹೆಸರೂ ಅವಳದೇ.

ಶುಕ್ರವಾರ ಅಳತೆ ಹಿಡಿದು, “ಈ ಖೋಲೀನೇ ಸೊಟ್ಟ ಅದ್ರಿ,” ಎಂದು ಕೋಣೆ ಕಟ್ಟಿದವಳು ನಾನೇ ಎಂಬಂತೆ ಗದರಿದಳು. ಗೋಡೆಯಿಂದ ಶುರುಮಾಡದೆ ನಟ್ಟನಡುವೆ ದಾರ ಕಟ್ಟಿ ಎರಡೂ ಕಡೆಗೆ ಟೈಲ್ಸ್ ಕೂರಿಸುತ್ತ ಹೊರಟಳು. ಫೈಲು ಎತ್ತಲೂ ಸೊಂಟನೋವು ಎನ್ನುತ್ತಿದ್ದ ನಮ್ಮ ಮರಾಠಿ ಶಿಪಾಯಿ, ಅವಳು “ಕಾಕಾ, ಪಾಣಿ!” ಎಂದರೆ ಬಕೆಟು ಹಿಡಿದು ಓಡುತ್ತಿದ್ದ. ನಾನೂ ಸೆರಗು ಸಿಕ್ಕಿಸಿ ಸಿಮೆಂಟು ಕಲಸಿದೆ. ಮೈಯೆಲ್ಲ ಬೂದಿ ಬಳಿದುಕೊಂಡವರಂತಾಗಿ ಶಿಪಾಯಿಯೂ ನಾನೂ ಒಬ್ಬರನ್ನೊಬ್ಬರು ನೋಡಿ ಬಿದ್ದುಬಿದ್ದು ನಕ್ಕೆವು. ಜನನ-ಮರಣದಲ್ಲಿ ಈ ಸುಖ ಎಲ್ಲಿತ್ತು!

ಭಾನುವಾರ ಸಂಜೆ ಕೆಲಸ ಮುಗಿಯಿತು. ಆಕೆ ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಒಂದೊಂದೇ ಟೈಲನ್ನು ಬಡಿಯುತ್ತ, ಕಿವಿಗೊಟ್ಟು ಕೇಳುತ್ತ ಬಂದಳು. ಬಾಗಿಲ ಬಳಿಯ ಸಾಲು ಪೊಳ್ಳು ಸದ್ದು ಮಾಡಿತು; ಅಡಿಯಲ್ಲಿ ಸಿಮೆಂಟು ಗಟ್ಟಿಯಾಗಿ ಕೂತಿರಲಿಲ್ಲ. ಆ ಸಾಲಿಗೆ ಸಿಮೆಂಟು ಕಲಸಿದ್ದು ನಾನು. ಇಡೀ ಸಾಲನ್ನು ಕಿತ್ತಳು.

ನನಗೆ ಪಿತ್ತ ನೆತ್ತಿಗೇರಿತು. “ನಾಳೆ ಬೆಳಿಗ್ಗೆ ಉದ್ಘಾಟನೆ! ಮೇಲಿಂದ ಚಂದವೇ ಕಾಣ್ತದಲ್ಲ!”

“ಪೊಳ್ಳ ಬಿಟ್ಟು ಮಿಸ್ತ್ರಿ ಅನಿಸ್ಕೊಳ್ಳಾದು ನನಗ ಬ್ಯಾಡ್ರಿ ಅಕ್ಕಾರ.”

ನಾನು ದಾರದ ತುದಿ ಹಿಡಿದೆ. ಈ ಸಲ ಸಿಮೆಂಟು ಅವಳೇ ಕಲಸಿದಳು.

ಸೋಮವಾರ ಸಾಹೇಬರು ಬಂದರು, ಮಲೇರಿಯಾದವರೂ ತಮಾಷೆ ನೋಡಲು ಬಂದರು. ಬಾಗಿಲಿಗೆ ರಿಬ್ಬನ್ನು, ಚೆಂಡುಹೂವಿನ ಮಾಲೆ. ಸಾಹೇಬರು ರಿಬ್ಬನ್ನು ಕತ್ತರಿಸಿದರು, ಚಪ್ಪಾಳೆ ಬಿತ್ತು, ಒಳಗಿಡಲು ಬಲಗಾಲು ಎತ್ತಿದರು.

“ಸಾಹೇಬ್ರ, ಕಾಲ ಇಡಬ್ಯಾಡ್ರಿ! ಇನ್ನಾ ಹಸಿ ಅದ!”

ಗುಂಪಿನ ಹಿಂದಿನಿಂದ ಬಂತು ಅವಳ ಕೂಗು. ಸಾಹೇಬರಿಗೆ ಕನ್ನಡ ಬಾರದು, ಆದರೂ ಕಾಲು ಗಾಳಿಯಲ್ಲೇ ನಿಂತಿತು. ಯಾರಿವಳು ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದರು. ಮಲೇರಿಯಾದವರ ಮುಖದಲ್ಲಿ ನಗು ಮೂಡುತ್ತಿತ್ತು.

“ಮಿಸ್ತ್ರಿ ಆಹೇತ್, ಸಾಹೇಬ್,” ಅಂದೆ. ಮಿಸ್ತ್ರಿ ಅವರು. ನೆಲ ಹಸಿಯಿದೆ, ಕಾಲಿಡಬೇಡಿ ಎನ್ನುತ್ತಿದ್ದಾರೆ ಎಂದೂ ಸೇರಿಸಿದೆ.

ಸಾಹೇಬರು ಒಳಗೆ ಬಗ್ಗಿ ಆ ನೆಲವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಆಮೇಲೆ ಕಾಲನ್ನು ಹಿಂದಕ್ಕೆ ಇಟ್ಟುಕೊಂಡರು. ಮಿಸ್ತ್ರಿ ಬೇಡವೆಂದ ಮೇಲೆ ಮುಗಿಯಿತು ಎಂದು ನಕ್ಕು, ತೆಂಗಿನಕಾಯಿಯನ್ನು ವರಾಂಡದಲ್ಲೇ ಒಡೆದರು. ಒಳಗೆ ಯಾರೂ ಕಾಲಿಡದೆ ನಮ್ಮ ಕಚೇರಿ ಉದ್ಘಾಟನೆಯಾಯಿತು.

ವರಾಂಡದ ಮೇಜಿನ ಮೇಲೆ ರಿಜಿಸ್ಟರು ತೆರೆದೆ. ಕ್ರಮಸಂಖ್ಯೆ ಒಂದು, ಅವಳ ಹೆಸರು, ಅದರ ಮುಂದೆ ‘ಮಿಸ್ತ್ರಿ’. ಸಾಹೇಬರು ಕೆಳಗೆ ಸಹಿ ಹಾಕಿದರು. ಅವಳಿಗೆ ಓದು ಬಾರದು.

“ಓದ್ರಿ ಅಕ್ಕಾರ.”

ಓದಿದೆ.

“ಇನ್ನೊಮ್ಮ ಓದ್ರಿ.”

ವರಾಂಡಕ್ಕೆಲ್ಲ ಕೇಳುವಂತೆ ಓದಿದೆ. ಆಕೆ ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆದಳು. ನಾನು ಬರೆದ ಅಕ್ಷರಗಳ ಮೇಲೆ ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿದಳು.

“ಗಟ್ಟಿ ಅದ,” ಅಂದಳು.